ಹೊರಗೆ ಹಾಕಿಕೊಂಡು ತಿರುಗಿ ಎಂದವರೂ ನೀವೇ, ಹೊರಗೆ ಹಾಕಿದಿರಿ ಎಂದವರೂ ನೀವೇ

ಬೆಳಗಾವಿ
17 ನವೆಂಬರ್ 2025

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಕೇಂದ್ರ ಕಚೇರಿ, ಬೆಂಗಳೂರು

ಇವರಿಂದ:
ನಿಮ್ಮ ಬೆಳಗಾವಿ ಮಳಿಗೆಯ ಗ್ರಾಹಕಿ,
ತಿಲಕವಾಡಿ, ಬೆಳಗಾವಿ

ವಿಷಯ: ಪಾದ ಅಳೆಯದೆ ಮಾರಿದ ಚಾರಣದ ಬೂಟನ್ನು ಬದಲಿಸಿಕೊಡಲು ಮಳಿಗೆಯವರು ನಿರಾಕರಿಸಿರುವ ಬಗ್ಗೆ

ಮಾನ್ಯರೇ,

ನಿಮ್ಮ ಬೆಳಗಾವಿ ಮಳಿಗೆಯ ವಾಟ್ಸ್‌ಆ್ಯಪ್ ಸಂಖ್ಯೆಯಿಂದ ನನಗೆ ಬಂದ ಎರಡು ಸಂದೇಶಗಳನ್ನು ಮೊದಲು ಓದಿ.

ಅಕ್ಟೋಬರ್ ಕೊನೆಯ ವಾರದ್ದು: “ಮೇಡಂ, ಹೊಸ ಬೂಟು ಮೊದಮೊದಲು ಬಿಗಿಯಾಗಿಯೇ ಇರುತ್ತದೆ. ಹಾಕಿಕೊಂಡು ನಾಲ್ಕು ದಿನ ಹೊರಗೆ ತಿರುಗಾಡಿ, ಸಡಿಲವಾಗುತ್ತದೆ.”

ನವೆಂಬರ್ ಎರಡನೆಯ ವಾರದ್ದು: “ಮೇಡಂ, ಬೂಟನ್ನು ಹೊರಗೆ ಬಳಸಿದ್ದೀರಿ. ಕಂಪನಿಯ ನಿಯಮದ ಪ್ರಕಾರ ಬದಲಿಸಿಕೊಡಲು ಬರುವುದಿಲ್ಲ.”

ಈ ಎರಡು ಸಂದೇಶಗಳ ನಡುವೆ ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿದೆ. ಉಗುರಿನಡಿ ರಕ್ತ ಹೆಪ್ಪುಗಟ್ಟಿದೆ, ಉಗುರು ಬಿದ್ದುಹೋಗುತ್ತದೆ, ಹೆಬ್ಬೆರಳಿಗೆ ಪೂರ್ತಿ ಹೊಸ ಉಗುರು ಬರಲು ವರ್ಷವೋ ಒಂದೂವರೆ ವರ್ಷವೋ ಬೇಕು ಎಂದು ವೈದ್ಯರು ಹೇಳಿದ್ದಾರೆ. ಬೂಟು ದೋಷಪೂರಿತ ಎಂದು ನಾನು ಹೇಳುತ್ತಿಲ್ಲ. ಹೊಲಿಗೆ ಗಟ್ಟಿಯಾಗಿದೆ, ಅಟ್ಟೆಯ ಹಿಡಿತ ಚೆನ್ನಾಗಿದೆ, ನೀರೂ ಒಳಗೆ ಬಂದಿಲ್ಲ. ಅದು ಬೇರೆ ಯಾರದೋ ಪಾದಕ್ಕೆ ಹೇಳಿ ಮಾಡಿಸಿದ ಹಾಗೆ ಇರಬಹುದು, ನನ್ನದಕ್ಕಲ್ಲ. ನನ್ನದಕ್ಕಲ್ಲ ಎಂಬುದನ್ನು ಮಾರುವ ಮೊದಲೇ ಪತ್ತೆಹಚ್ಚುವುದು ನಿಮ್ಮ ಕೆಲಸವಾಗಿತ್ತು. ಆ ಕೆಲಸವನ್ನು ಮಾಡುತ್ತೇವೆಂದು ಮಳಿಗೆಯ ಬಾಗಿಲಲ್ಲೇ ದೊಡ್ಡಕ್ಷರದಲ್ಲಿ ಬರೆಸಿದ್ದೀರಿ: “ಪರಿಣತರಿಂದ ಪಾದದ ಅಳತೆ, ಉಚಿತ”. ಇದಕ್ಕಿಂತ ಕಡಿಮೆ ಬೆಲೆಗೆ ಬೂಟುಗಳು ಖಡೇಬಜಾರಿನಲ್ಲಿಯೂ ಸಿಗುತ್ತವೆ. ನಿಮ್ಮಲ್ಲಿಗೆ ಬಂದದ್ದು ಆ ಫಲಕವನ್ನು ನಂಬಿ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಡಿಸೆಂಬರ್ ಕೊನೆಯಲ್ಲಿ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೋಗುವ ತಂಡವೊಂದಕ್ಕೆ ಹೆಸರು ಕೊಟ್ಟಿದ್ದೇನೆ. ಸುಮಾರು 3,800 ಮೀಟರ್ ಎತ್ತರ, ಆ ಹೊತ್ತಿಗೆ ಹಿಮ. ಬೂಟನ್ನು ಮೊದಲೇ ಕೊಂಡು ಕಾಲಿಗೆ ಒಗ್ಗಿಸಿಕೊಳ್ಳಬೇಕೆಂದು ಎರಡು ತಿಂಗಳು ಮುಂಚಿತವಾಗಿ ಬಂದೆ. ಬರುವಾಗ ನಮ್ಮ ನೆರೆಮನೆಯ ಕಾಕಾ ಹೇಳಿದ್ದನ್ನೆಲ್ಲ ಪಾಲಿಸಿದ್ದೆ. ಅವರು ಇಲ್ಲಿಯ ಮರಾಠಾ ಲಘು ಪದಾತಿ ದಳದಿಂದ ಸುಬೇದಾರರಾಗಿ ನಿವೃತ್ತರಾದವರು. ಬೂಟಿನ ವಿಷಯದಲ್ಲಿ ಅವರ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ. ಸಂಜೆ ಹೋಗು, ದಿನವಿಡೀ ನಿಂತು ನಡೆದು ಪಾದ ಊದಿರುತ್ತದೆ, ಬೆಟ್ಟದಲ್ಲಿಯೂ ಹಾಗೆಯೇ ಊದುತ್ತದೆ ಎಂದರು. ಸಂಜೆಯೇ ಬಂದೆ. ಚಾರಣದಲ್ಲಿ ತೊಡುವ ದಪ್ಪ ಕಾಲುಚೀಲವನ್ನೇ ತೊಟ್ಟು ನೋಡು ಎಂದರು. ಅದನ್ನು ನಿಮ್ಮ ಮಳಿಗೆಯಲ್ಲೇ 649 ರೂಪಾಯಿಗೆ ಕೊಂಡು ತೊಟ್ಟೆ.

ನಿಮ್ಮ ಸಿಬ್ಬಂದಿ ಕೇಳಿದ ಪ್ರಶ್ನೆ ಒಂದೇ: “ಯಾವ ನಂಬರ್, ಮೇಡಂ?”

ಚಪ್ಪಲಿಗೆ ಆರು ಹಾಕುತ್ತೇನೆ, ಬೂಟಿಗೆ ಎಷ್ಟೆಂದು ನೀವೇ ಅಳೆದು ಹೇಳಿ ಎಂದೆ. ಅಳೆಯುವ ಸಾಧನ ಮಳಿಗೆಯಲ್ಲಿ ಇಲ್ಲದಿರಲಿಲ್ಲ. ಹಿಮ್ಮಡಿ ಕೂರಿಸುವ ಬಟ್ಟಲು, ಉದ್ದಕ್ಕೊಂದು ಮತ್ತು ಅಗಲಕ್ಕೊಂದು ಜರುಗುವ ಪಟ್ಟಿ ಇರುವ ಲೋಹದ ಬ್ರ್ಯಾನಾಕ್ ಸಾಧನ ಗೋಡೆಯ ಮೊಳೆಗೆ ನೇತುಬಿದ್ದಿತ್ತು, ಅದರ ಮೇಲೆ ರಿಯಾಯಿತಿ ದರದ ಚೀಟಿಗಳು ನೇತುಬಿದ್ದಿದ್ದವು. ಸರಿಯಾಗಿ ಬಳಸಿದರೆ ಅದು ಮೂರು ಅಳತೆಗಳನ್ನು ಕೊಡುತ್ತದೆ: ಹಿಮ್ಮಡಿಯಿಂದ ಬೆರಳ ತುದಿಯವರೆಗಿನ ಉದ್ದ, ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ಗಂಟಿನವರೆಗಿನ ಉದ್ದ, ಪಾದದ ಅಗಲ. ಎರಡನೆಯದು ಮುಖ್ಯ, ಏಕೆಂದರೆ ನಡೆಯುವಾಗ ಪಾದ ಬಾಗುವುದು ಅಲ್ಲಿ; ಬೂಟು ಬೇರೆ ಕಡೆ ಬಾಗಿದರೆ ಪಾದಕ್ಕೂ ಬೂಟಿಗೂ ದಿನವಿಡೀ ಜಗಳ. ಇಳಿಜಾರಿನಲ್ಲಿ ನಡೆದು ನೋಡಲೆಂದು ನೀವು ಇರಿಸಿರುವ ಮರದ ಹಲಗೆಯೂ ಅಲ್ಲಿತ್ತು. ಅದರ ಮೇಲೆ ಬೂಟಿನ ಪೆಟ್ಟಿಗೆಗಳನ್ನು ಎದೆಮಟ್ಟ ಪೇರಿಸಲಾಗಿತ್ತು.

“ಆರು ಎಂದರೆ ಆರೇ, ಮೇಡಂ” ಎಂದು ಆರು ತಂದಿಟ್ಟರು.

ಆರು ಎಂದರೆ ಆರೇ ಅಲ್ಲ ಎಂಬುದು ನೀವು ಮಾರಿದ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿದೆ. ಯುಕೆ 6, ಯುರೋ 39, 25 ಸೆಂ.ಮೀ. ಮೊದಲ ಸಂಖ್ಯೆಯ ಒಂದೊಂದು ಮೆಟ್ಟಿಲು ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಎರಡನೆಯದರ ಮೆಟ್ಟಿಲು 6.67 ಮಿಲಿಮೀಟರ್. ಈ ಎರಡು ಅಳತೆಗೋಲುಗಳು ಹೆಜ್ಜೆಹೆಜ್ಜೆಗೂ ಕೂಡಿಬರುವುದೇ ಇಲ್ಲ. ತಯಾರಕರು ತಮಗೆ ತೋಚಿದ ಕಡೆ ಹೊಂದಿಸಿ ಬರೆಯುತ್ತಾರೆ, ಅದಕ್ಕೇ ಒಂದು ಕಂಪನಿಯ ಆರು ಇನ್ನೊಂದರ ಆರೂವರೆಯಾಗುತ್ತದೆ. ಕೊಳ್ಳುವವರಿಗೆ ನೇರವಾಗಿ ಕೆಲಸಕ್ಕೆ ಬರುವುದು ಮೂರನೆಯ ಸಂಖ್ಯೆ. ಅದು ಒಳಗೆ ಹಿಡಿಸುವ ಪಾದದ ಉದ್ದ. ಗೋಡೆಗೆ ಹಿಮ್ಮಡಿ ತಾಗಿಸಿ, ಕಾಗದದ ಮೇಲೆ ಪೂರ್ತಿ ಭಾರ ಬಿಟ್ಟು ನಿಂತಾಗ ನನ್ನ ಬಲಪಾದ 252 ಮಿಲಿಮೀಟರ್, ಎಡಪಾದ 255. ಬಹಳ ಜನರಿಗೆ ಒಂದು ಪಾದ ಇನ್ನೊಂದಕ್ಕಿಂತ ಕೊಂಚ ದೊಡ್ಡದು, ಬೂಟನ್ನು ದೊಡ್ಡದಕ್ಕೆ ನೋಡಿ ಕೊಳ್ಳಬೇಕು. 250ರ ಬೂಟಿನಲ್ಲಿ 255ರ ಪಾದ! ಇದರ ಜೊತೆಗೆ ಇಳಿಯುವಾಗ ಬೆರಳುಗಳ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗವೂ ಇರಬೇಕು. ಏಳನೆಯ ತರಗತಿಯ ಮಕ್ಕಳೂ ಬಿಡಿಸುವ ಲೆಕ್ಕ ಇದು.

ಕಾಕಾ ಹೇಳಿದ ಇನ್ನೊಂದು ಪರೀಕ್ಷೆಯನ್ನು ನಾನು ಅಲ್ಲಿಯೇ ಮಾಡಿದೆ. ಲೇಸು ಕಟ್ಟದೆ, ಪಾದವನ್ನು ಮುಂದಕ್ಕೆ ತಳ್ಳಿ ಬೆರಳುಗಳು ಬೂಟಿನ ಮೂತಿಗೆ ತಾಗುವಂತೆ ನಿಂತಾಗ, ಹಿಮ್ಮಡಿಯ ಹಿಂದೆ ಕೈಬೆರಳೊಂದು ಇಳಿಯಬೇಕು. ಇಳಿಯಲಿಲ್ಲ. ಹೇಳಿದೆ, ಏಳು ಕೇಳಿದೆ. ಹೆಂಗಸರ ಬೂಟಿನಲ್ಲಿ ಏಳು ಸದ್ಯಕ್ಕಿಲ್ಲ, ಬಂದರೂ ನಿಮಗೆ ಹಿಂದೆ ಸಡಿಲವಾಗುತ್ತದೆ ಎಂಬ ಉತ್ತರ ಬಂತು. ಹಿಮ್ಮಡಿ ಆರರಲ್ಲಿಯೇ ತುಸು ಏಳುತ್ತಿತ್ತು, ಅದು ನಿಜ. ನನ್ನ ಪಾದದ ಹಿಂಬದಿ ಸಣ್ಣದು, ಮುಂಬದಿ ಅಗಲ. ಅದಕ್ಕೆ ನಿಮ್ಮವರು ಕಂಡುಕೊಂಡ ಪರಿಹಾರ 799 ರೂಪಾಯಿಯ ದಪ್ಪ ಇನ್ಸೋಲ್, ಅಂದರೆ ಬೂಟಿನೊಳಗೆ ಪಾದದಡಿ ಇಡುವ ಮೆತ್ತೆ. ಅದನ್ನು ಒಳಗಿಟ್ಟರೆ ಪಾದ ಮೇಲಕ್ಕೇರಿ ಹಿಮ್ಮಡಿ ಬಿಗಿಯಾಯಿತು. ಮೊದಲೇ ಇಕ್ಕಟ್ಟಾಗಿದ್ದ ಬೆರಳುಗಳ ಜಾಗ ಇನ್ನಷ್ಟು ಕಿರಿದಾಯಿತು. ಲೇಸನ್ನು ಮೇಲಿನ ಕೊಕ್ಕೆಗಳಲ್ಲಿ ಸುತ್ತು ಹಾಕಿ ಬಿಗಿದರೆ ಹಿಮ್ಮಡಿ ಏಳುವುದು ಬಹುಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ನಾನು ಆಮೇಲೆ ಮನೆಯಲ್ಲಿ ಕಲಿತೆ. ಅದಕ್ಕೆ ಒಂದು ರೂಪಾಯಿಯೂ ಬೇಕಾಗಲಿಲ್ಲ. ಬಹುಶಃ ಅದಕ್ಕಾಗಿಯೇ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ.

“ಒಯ್ದು ನೋಡಿ, ಹೊಂದದಿದ್ದರೆ ಬದಲಿಸೋಣ” ಎಂದರು. ಅಂದು ರಾತ್ರಿ ಮನೆಯೊಳಗೆ ನಡೆದಾಡಿ, ಬೆರಳು ತಾಗುತ್ತಿದೆ, ಏನು ಮಾಡಲಿ ಎಂದು ನಿಮ್ಮ ಸಂಖ್ಯೆಗೆ ಬರೆದೆ. ಹೊರಗೆ ಕಾಲಿಡುವ ಮೊದಲು ಬರೆದದ್ದು ಎಂಬುದನ್ನು ದಯವಿಟ್ಟು ಗಮನಿಸಿ. ಸಂದೇಶದ ಹೊತ್ತು ಅದರಲ್ಲೇ ಇದೆ. ಅದಕ್ಕೆ ಬಂದ ಉತ್ತರವೇ ಈ ಪತ್ರದ ಮೊದಲ ಸಂದೇಶ.

ಹಾಗೆ ರಾಜಹಂಸಗಡಕ್ಕೆ ಹೋದೆ. ಯಳ್ಳೂರಿನ ಆ ಗುಡ್ಡ ಊರಿಗೆ ಹತ್ತಿರ, ಕೋಟೆಯವರೆಗೆ ರಸ್ತೆಯೇ ಇದೆ, ಹೊಸ ಬೂಟನ್ನು ಪಳಗಿಸಲು ಇದಕ್ಕಿಂತ ಸೌಮ್ಯವಾದ ಜಾಗ ಸಿಗದು. ಹತ್ತುವಾಗ ಏನೂ ತಿಳಿಯಲಿಲ್ಲ. ಹತ್ತುವಾಗ ಭಾರ ಹಿಂದಕ್ಕಿರುತ್ತದೆ. ಇಳಿಯುವಾಗ ಹೆಜ್ಜೆಹೆಜ್ಜೆಗೂ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಬೂಟಿನ ಮೂತಿಗೆ ಬಡಿಯಿತು. ಮಳಿಗೆಯಲ್ಲಿ ಆ ಹಲಗೆಯ ಮೇಲಿನ ಪೆಟ್ಟಿಗೆಗಳನ್ನು ಸರಿಸಿ ನನ್ನನ್ನು ಒಮ್ಮೆ ಇಳಿಸಿದ್ದರೆ ಇದು ಅಲ್ಲಿಯೇ ತಿಳಿಯುತ್ತಿತ್ತು.

ಇನ್ನು “ಸಡಿಲವಾಗುತ್ತದೆ” ಎಂಬ ಮಾತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಅದರಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು: ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. ನಮ್ಮ ಅಥಣಿ, ನಿಪ್ಪಾಣಿ ಕಡೆ ಆ ಚಪ್ಪಲಿ ಮಾಡುವ ಮನೆಗಳು ಇಂದಿಗೂ ಇವೆ. ನನ್ನ ತಂದೆಯವರಿಗೆ ಚಪ್ಪಲಿ ಮಾಡಿಕೊಡುತ್ತಿದ್ದ ಅಥಣಿಯ ಹಿರಿಯರು ಪಾದವನ್ನು ಕಾಗದದ ಮೇಲಿಡಿಸಿ ಸುತ್ತ ಗೆರೆ ಎಳೆದುಕೊಳ್ಳದೆ ಚರ್ಮಕ್ಕೆ ಕತ್ತಿ ಹಾಕುತ್ತಿರಲಿಲ್ಲ. ಚರ್ಮ ಪಾದಕ್ಕೆ ಒಗ್ಗುತ್ತದೆ ಎಂಬುದು ಈ ಜಿಲ್ಲೆಯವರಿಗೆ ನೀವು ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ನೀವು ಮಾರಿದ್ದು ಚರ್ಮದ ಬೂಟಲ್ಲ. ಮೇಲ್ಭಾಗ ಪಾಲಿಯೆಸ್ಟರ್ ಬಲೆ, ಒಳಗೆ ನೀರು ತಡೆಯುವ ಪದರ, ಮೂತಿಗೆ ಗಟ್ಟಿ ರಬ್ಬರಿನ ಕವಚ. ಬಲೆ ತುಸು ಮೆತ್ತಗಾಗಬಹುದು. ಕಲ್ಲಿನ ಪೆಟ್ಟು ತಡೆಯಲೆಂದೇ ಹಾಕಿದ ರಬ್ಬರ್ ಕವಚ ನನ್ನ ಹೆಬ್ಬೆರಳಿಗೆ ಹೆದರಿ ಹಿಗ್ಗುತ್ತದೆಯೇ? ಚರ್ಮದ ಬೂಟಾಗಿದ್ದರೂ ಅಗಲದಲ್ಲಿ ಹಿಗ್ಗೀತು, ಉದ್ದದಲ್ಲಿ ಬೆಳೆಯುವ ಬೂಟನ್ನು ಇನ್ನೂ ಯಾರೂ ಮಾಡಿಲ್ಲ.

ಅಗಲದ ಬಗ್ಗೆಯೂ ಒಂದು ಮಾತು. ಈ ಅಳತೆಯಲ್ಲಿ ಅಗಲದ ಅಚ್ಚಿನ ಬೂಟು ತರಿಸಬಹುದೇ ಎಂದು ಕೇಳಿದಾಗ “ಅಂಥ ಬೇಡಿಕೆ ಇಲ್ಲಿ ಇಲ್ಲ” ಎಂದರು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಡಿಸೆಂಬರ್ 2021ರಿಂದ ಮಾರ್ಚ್ 2022ರವರೆಗೆ ದೇಶದ 79 ಸ್ಥಳಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆದು, ಭಾರತೀಯರ ಪಾದ ಯುರೋಪ್ ಮತ್ತು ಅಮೆರಿಕದವರದ್ದಕ್ಕಿಂತ ಅಗಲ ಎಂದು ಕಂಡುಕೊಂಡಿದೆ. ‘ಭಾ’ ಎಂಬ ನಮ್ಮದೇ ಅಳತೆಯ ಪ್ರಸ್ತಾವ ಬಂದದ್ದು ಅದರಿಂದ. ಅಂದಮೇಲೆ ಬೇಡಿಕೆ ಇಲ್ಲವೆಂದಲ್ಲ. ಕೇಳಿದವರನ್ನು ಆರಕ್ಕೆ ತುರುಕಿ ಕಳುಹಿಸಿದರೆ ಬೇಡಿಕೆ ನಿಮ್ಮ ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ.

ಉಗುರೊಂದಕ್ಕೆ ಇಷ್ಟೊಂದು ಏಕೆ ಎಂದು ನಿಮಗೆ ಅನ್ನಿಸಬಹುದು. ಇದೇ ಬೂಟಿನಲ್ಲಿ ನಾನು ಹಿಮಕ್ಕೆ ಹೋಗುವವಳಿದ್ದೆ. ಬೂಟು ಬಿಗಿಯಾದರೆ ಬೆರಳುಗಳಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಕಾಲುಚೀಲ ಮತ್ತು ಬೂಟಿನ ನಡುವೆ ಬೆಚ್ಚಗಿನ ಗಾಳಿಗೆ ಜಾಗವೂ ಉಳಿಯುವುದಿಲ್ಲ. ಚಳಿ ಹೆಚ್ಚೆಂದು ಮೇಲೆ ಇನ್ನೊಂದು ಕಾಲುಚೀಲ ತೊಟ್ಟರೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಹಿಮಗಡಿತದಿಂದ (ಫ್ರಾಸ್ಟ್‌ಬೈಟ್) ಬೆರಳು ಕಳೆದುಕೊಳ್ಳುವವರ ವಿಷಯದಲ್ಲಿ ಬಿಗಿಯಾದ ಬೂಟೂ ಒಂದು ಕಾರಣ. ಎಲ್ಲಿಗೆ ಹೋಗುತ್ತೇನೆ, ಯಾವ ತಿಂಗಳು ಎಂಬುದನ್ನು ನೀವು ಕೇಳದಿದ್ದರೂ ನಾನು ಹೇಳಿದ್ದೆ. ಕೇಳಬೇಕಾದವರು ನೀವಾಗಿದ್ದಿರಿ.

ಮಳಿಗೆಯ ಆ ಯುವಕನ ಮೇಲೆ ನನಗೆ ಸಿಟ್ಟಿಲ್ಲ. ಮರ್ಯಾದೆಯಿಂದ ಮಾತನಾಡಿದ, ನೀರು ತಂದುಕೊಟ್ಟ, ಮೊಣಕಾಲೂರಿ ಲೇಸು ಕಟ್ಟಿಕೊಟ್ಟ. ಆ ಸಾಧನವನ್ನು ಬಳಸುವುದು ಹೇಗೆಂದು ಅವನಿಗೆ ಯಾರೂ ಕಲಿಸಿಲ್ಲ. ತಿಂಗಳಿಗೆ ಇಷ್ಟು ಜೋಡಿ ಮಾರಬೇಕೆಂದು ಮಾತ್ರ ಕಲಿಸಿರುವಂತಿದೆ. ಈ ಪತ್ರ ತಲುಪಿದ ಮೇಲೆ ಅವನ ಸಂಬಳಕ್ಕೆ ಕತ್ತರಿ ಹಾಕಿ ಕೈತೊಳೆದುಕೊಂಡರೆ ನನ್ನ ದೂರು ಎರಡಾಗುತ್ತದೆ. ಮೇಲಿನವರಾದ ವ್ಯವಸ್ಥಾಪಕರ ವಿಷಯ ಬೇರೆ. ಎರಡೂ ಸಂದೇಶಗಳನ್ನು ಅವರ ಮುಂದೆ ಹಿಡಿದಾಗ, ಮೊದಲನೆಯದು “ಸಾಮಾನ್ಯ ಸಲಹೆ”, ಎರಡನೆಯದು “ನಿಯಮ” ಎಂದು ವಿಂಗಡಿಸಿಕೊಟ್ಟರು. ನಿಮ್ಮ ಸಲಹೆ ಪಾಲಿಸಿದರೆ ನಿಮ್ಮದೇ ನಿಯಮ ಮುರಿಯುತ್ತದೆ ಎಂದಾದರೆ, ಸಲಹೆ ಕೊಡುವಾಗಲೇ ಅದನ್ನು ಹೇಳುವುದು ಯಾರ ಹೊಣೆ ಎಂಬ ಪ್ರಶ್ನೆಗೆ ಅವರು ನಿಮ್ಮ ಕಚೇರಿಯ ವಿಳಾಸ ಕೊಟ್ಟರು.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಬೂಟಿಗೆ 8,499, ಕಾಲುಚೀಲಕ್ಕೆ 649, ಇನ್ಸೋಲಿಗೆ 799, ಒಟ್ಟು 9,947 ರೂಪಾಯಿ ಕೊಟ್ಟಿದ್ದೇನೆ. ಕಾಲುಚೀಲ ಚೆನ್ನಾಗಿದೆ, ಅದನ್ನು ಇಟ್ಟುಕೊಳ್ಳುತ್ತೇನೆ. ಉಳಿದ 9,298 ರೂಪಾಯಿಗೆ ಬದಲಾಗಿ, ನನ್ನ ಪಾದವನ್ನು ಆ ಸಾಧನದ ಮೇಲೆ ನಿಲ್ಲಿಸಿ ಅಳೆದು, ಅಗಲದ ಅಚ್ಚಿನ ಸರಿಯಾದ ಅಳತೆಯ ಬೂಟನ್ನು ಈ ತಿಂಗಳೊಳಗೆ ಕೊಡಿ. ಗಂಡಸರ ಬೂಟಿನಲ್ಲಿ ಹೊಂದುವುದಿದ್ದರೆ ಅದೂ ಆದೀತು, ಬಣ್ಣದ ಬಗ್ಗೆ ನನಗೆ ಹಟವಿಲ್ಲ. ಆಗದಿದ್ದರೆ ಹಣ ಹಿಂದಿರುಗಿಸಿ. ಡಿಸೆಂಬರಿನಲ್ಲಿ ಕೊಟ್ಟರೆ ಪಳಗಿಸಲು ಸಮಯ ಉಳಿಯುವುದಿಲ್ಲ, ಆಗ ಬೂಟು ಬೇಡ, ಹಣವೇ ಬೇಕು. ವೈದ್ಯರ ಶುಲ್ಕವನ್ನು ನಾನು ಕೇಳುತ್ತಿಲ್ಲ, ಸದ್ಯಕ್ಕೆ.

ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಅನಂತರ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಸೆಕ್ಷನ್ 34ರ ಪ್ರಕಾರ ದೂರುದಾರರು ವಾಸಿಸುವ ಊರಿನಲ್ಲಿಯೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ಅಲ್ಲಿ ನಾನು ಬೂಟಿನ ದೋಷವನ್ನು ಎತ್ತುವುದಿಲ್ಲ, ಸೆಕ್ಷನ್ 2(11)ರಲ್ಲಿ ಹೇಳಿರುವ ಸೇವಾ ನ್ಯೂನತೆಯನ್ನು ಎತ್ತುತ್ತೇನೆ. ಬಾಗಿಲಲ್ಲಿ ಉಚಿತ ಅಳತೆ ಎಂದು ಬರೆಸಿ ಅಳೆಯದಿರುವುದು ಯಾವ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಆಯೋಗವೇ ಹೇಳಲಿ.

ಬೂಟನ್ನು ಒರೆಸಿ, ಇನ್ಸೋಲ್ ಸಮೇತ ಅದರ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಶಾಲೆ ಮುಗಿದ ಮೇಲೆ, ಸಂಜೆ ಐದೂವರೆಯ ನಂತರ ಯಾರನ್ನಾದರೂ ಕಳುಹಿಸಿ ತರಿಸಿಕೊಳ್ಳಬಹುದು. ಬರುವವರು ಅಳೆಯುವ ಸಾಧನವನ್ನೂ ತಂದರೆ ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತವೆ.

ಇಂತಿ,
(ಸಹಿ)

ಲಗತ್ತು: ಬಿಲ್ಲಿನ ಪ್ರತಿ, ಎರಡೂ ವಾಟ್ಸ್‌ಆ್ಯಪ್ ಸಂದೇಶಗಳ ಹಾಗೂ ನನ್ನ ಪ್ರಶ್ನೆಯ ಮುದ್ರಿತ ಪ್ರತಿ, ಪೆಟ್ಟಿಗೆಯ ಅಳತೆ ಚೀಟಿಯ ಮತ್ತು ಬಾಗಿಲ ಫಲಕದ ಛಾಯಾಚಿತ್ರ, ವೈದ್ಯರ ಚೀಟಿ, ಎರಡೂ ಪಾದಗಳ ಗೆರೆಚಿತ್ರ (ಅಳತೆ ಸಹಿತ).