1950ರ ಹಳ್ಳಿಯಲ್ಲಿ ಪಾರ್ಥೇನಿಯಂ

ಸಂಪಾದಕರೇ,

ಹಳೇ ಮೈಸೂರು ಸೀಮೆಯ 1940–50ರ ಹಳ್ಳಿಯನ್ನು ತೋರಿಸುವ ಸಿನಿಮಾ, ಧಾರಾವಾಹಿ ಬಂದಾಗ ವಿಮರ್ಶಕರು ಪೇಟ, ಕಚ್ಚೆ, ಕರಿಕೋಟು ನೋಡಿಯೇ ‘ಆ ಕಾಲ ಕಣ್ಣಿಗೆ ಕಟ್ಟುತ್ತದೆ’ ಎಂದು ಬರೆದುಬಿಡುತ್ತಾರೆ. ಉಡುಪಿನಲ್ಲಿ ತಪ್ಪು ಕಡಿಮೆಯೇ, ಏಕೆಂದರೆ ಅದನ್ನು ನೋಡಿಕೊಳ್ಳಲು ಒಬ್ಬರಿರುತ್ತಾರೆ. ಯಾರ ಜವಾಬ್ದಾರಿಗೂ ಸೇರದ ವಸ್ತುಗಳೇ ಕಾಲ ಕೆಡಿಸುವುದು.

ಮೊದಲನೆಯದು ಬಯಲು. ಪಾರ್ಥೇನಿಯಂ ಕಳೆ ನಮ್ಮ ದೇಶದಲ್ಲಿ ಕಣ್ಣಿಗೆ ಬಿದ್ದದ್ದು 1950ರ ದಶಕದ ಮಧ್ಯದಲ್ಲಿ, ಅದೂ ಪುಣೆಯಲ್ಲಿ. ಸ್ವಾತಂತ್ರ್ಯ ಹೋರಾಟದ ಮೆರವಣಿಗೆ ಹೋಗುವ ದಾರಿಯ ಎರಡೂ ಬದಿಗೆ ಅದರ ಬಿಳಿ ಹೂವು ತುಂಬಿರುವುದು ಸಾಧ್ಯವೇ ಇಲ್ಲ. ‘ಗ್ರಾಫಿಕ್ಸ್‌ನಲ್ಲಿ ಅಳಿಸೋಣ’ ಎನ್ನುವವರು ಲೆಕ್ಕ ಹಾಕಬೇಕು: ಸೆಕೆಂಡಿಗೆ 24 ಫ್ರೇಮಿನಂತೆ ಎಂಟು ಸೆಕೆಂಡಿನ ಶಾಟ್ ಎಂದರೆ 192 ಚಿತ್ರ. ಕ್ಯಾಮೆರಾ ಚಲಿಸುತ್ತಿದ್ದು, ಗಿಡದ ಮುಂದೆ ಜನ ದಾಟುತ್ತಿದ್ದರೆ ಹೆಚ್ಚುಕಡಿಮೆ ಒಂದೊಂದು ಚಿತ್ರವನ್ನೂ ಕೈಯಿಂದ ತಿದ್ದಬೇಕು. ಹಿಂದಿನ ದಿನ ನಾಲ್ಕು ಆಳು ಹಚ್ಚಿ ಕೀಳಿಸುವುದೇ ಅಗ್ಗ. ಕೈಗವಸು ಕೊಡಿ, ಆ ಗಿಡ ಮುಟ್ಟಿದರೆ ಕೆಲವರಿಗೆ ಮೈಯೆಲ್ಲ ತುರಿಕೆ ಏಳುತ್ತದೆ.

ಗದ್ದೆಯ ತಪ್ಪು ಇನ್ನೂ ಸೂಕ್ಷ್ಮ. ಗಿಡ್ಡ ತಳಿಯ ಭತ್ತ ಐಆರ್-8 ಬಿಡುಗಡೆಯಾದದ್ದು 1966ರಲ್ಲಿ. ಅದಕ್ಕೂ ಹಿಂದಿನ ನಾಟಿ ತಳಿಗಳು ಬಹುಪಾಲು ಎದೆಯೆತ್ತರ ಬೆಳೆದು, ತೆನೆ ಭಾರವಾದಾಗ ಗಾಳಿಗೆ ಮಲಗಿಬಿಡುತ್ತಿದ್ದವು. ಸೊಂಟಕ್ಕೂ ಬಾರದ, ಕತ್ತರಿಸಿಟ್ಟಂತೆ ನೆಟ್ಟಗೆ ನಿಂತ ಪೈರಿನ ನಡುವೆ ನಾಯಕಿ ಓಡಿದರೆ ಅದು 1945 ಆಗದು. ರಾಜಮುಡಿಯಂಥ ಎತ್ತರದ ತಳಿ ಬೆಳೆಯುವವರು ಈಗಲೂ ಇದ್ದಾರೆ, ಅವರ ಗದ್ದೆ ಹುಡುಕಿ. ಸಿಗದಿದ್ದರೆ ಕುಯ್ಲಾದ ಕೂಳೆ ಗದ್ದೆಯಲ್ಲಿ ಚಿತ್ರೀಕರಿಸಿ. ಕೊಟ್ಟಿಗೆಯಲ್ಲಿ ಕಪ್ಪುಬಿಳುಪಿನ ಸೀಮೆಹಸು ಕಟ್ಟುವುದಂತೂ ಬರೀ ಸೋಮಾರಿತನ.

ಹಣದ ಮಾತಿನಲ್ಲೂ ಎಡವುತ್ತಾರೆ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆಮೇಲೆ ಬಂದದ್ದು ನೂರು ನಯಾ ಪೈಸೆಯ ಲೆಕ್ಕ. ‘ಇಪ್ಪತ್ತೈದು ಪೈಸೆ ಕೊಡು’ ಎಂದು 1948ರ ಅಂಗಡಿಯವನು ಕೇಳಲಾರ. ಆದರೆ 1970ರ ಕಥೆಯಲ್ಲಿ ಅಜ್ಜಿ ‘ನಾಲ್ಕಾಣೆ’ ಎಂದರೆ ಏನೂ ತಪ್ಪಿಲ್ಲ, ಆ ಮಾತು ನಾಣ್ಯಕ್ಕಿಂತ ಎಷ್ಟೋ ವರ್ಷ ಹೆಚ್ಚು ಬದುಕಿತು. ಹಳೆಯದು ಮುಂದಿನ ಕಾಲಕ್ಕೆ ಉಳಿದು ಬರಬಹುದು, ಹೊಸದು ಹಿಂದಕ್ಕೆ ಹೋಗಲಾರದು. ಕಲಾ ವಿಭಾಗದವರು ಸೆಟ್ಟಿನ ಪ್ರತಿ ವಸ್ತುವಿನ ಮುಂದೆ ಅದು ಬಂದ ವರ್ಷ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಚಕ್ರವಿರುವ ಧ್ವಜ ಅಂಗೀಕಾರವಾದದ್ದು 1947ರ ಜುಲೈ 22ರಂದು, ಹಾಗಾಗಿ 1942ರಲ್ಲಿ ತಾನೇ ಸ್ವಾತಂತ್ರ್ಯ ಸಾರಿಕೊಂಡ ಈಸೂರು ಹಳ್ಳಿಯಲ್ಲಿ ಹಾರಬೇಕಾದದ್ದು ಚರಕದ ಬಾವುಟ. ಮಂಗಳೂರು ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಟಿಪ್ಪು ಕಾಲದ ಮನೆಗೆ ಅದನ್ನು ಹೊದಿಸಬೇಡಿ. ಪಿನ್‌ಕೋಡ್ 1972ರದು. ಕೆಎ ನಂಬರ್ ಪ್ಲೇಟಿಗೆ 1989ರ ಹಿಂದೆ ಜಾಗವಿಲ್ಲ.

ರೇಡಿಯೊ ಇದ್ದರೆ ಸಾಲದು, ಅದು ನಡೆದುಕೊಳ್ಳುವ ರೀತಿಯೂ ಸರಿಯಿರಬೇಕು. ಟ್ರಾನ್ಸಿಸ್ಟರ್ ರೇಡಿಯೊ ಅಮೆರಿಕದ ಅಂಗಡಿಗೇ ಬಂದದ್ದು 1954ರಲ್ಲಿ. ಅದಕ್ಕೂ ಹಿಂದಿನ, ಕರೆಂಟಿನಿಂದ ನಡೆಯುವ ವಾಲ್ವ್ (ಗಾಜಿನ ಕೊಳವೆ) ಸೆಟ್ಟಿನ ಗುಬುಟು ತಿರುಗಿಸಿದ ಕೂಡಲೇ ದನಿ ಬರುವುದಿಲ್ಲ. ಮೊದಲು ದೀಪ ಹೊತ್ತಿ, ವಾಲ್ವ್ ಕಾದು, ಹತ್ತಿಪ್ಪತ್ತು ಸೆಕೆಂಡು ಕಳೆದ ಮೇಲೆ ದನಿ ಮೆಲ್ಲಗೆ ಏರುತ್ತದೆ. ಗಾಂಧೀಜಿ ಹತ್ಯೆಯ ಸುದ್ದಿಗೆ ಊರವರೆಲ್ಲ ಕಿವಿಗೊಟ್ಟು ನಿಂತ ದೃಶ್ಯಕ್ಕೆ ಆ ಮೌನಕ್ಕಿಂತ ಒಳ್ಳೆಯದು ಯಾವ ನಿರ್ದೇಶಕನಿಗೆ ಬೇಕು? ಅದನ್ನೂ ಕೈಬಿಡುತ್ತಾರೆ.

ಇನ್ನು ಕಂಟಿನ್ಯೂಟಿ, ಅಂದರೆ ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಶಾಟುಗಳು ಒಂದಕ್ಕೊಂದು ಹೊಂದುವುದು. ಇದಕ್ಕೂ ಚರಿತ್ರೆಗೂ ಸಂಬಂಧವಿಲ್ಲ, ಆದರೆ ಕರೆಂಟಿಲ್ಲದ ಕಾಲದ ಕಥೆಯಲ್ಲಿ ಕಷ್ಟ ದುಪ್ಪಟ್ಟು. ಪರದೆಯ ಮೇಲೆ ಎರಡು ನಿಮಿಷದ ಇರುಳಿನ ಮಾತುಕತೆಗೆ ಇಡೀ ದಿನ ಚಿತ್ರೀಕರಣ ನಡೆಯುತ್ತದೆ. ಸಾಧಾರಣ ಮೇಣದಬತ್ತಿ ಗಂಟೆಗೆ ಸುಮಾರು ಒಂದಂಗುಲ ಕರಗುತ್ತದೆ. ಬೆಳಿಗ್ಗೆ ತೆಗೆದ ವೈಡ್ ಶಾಟನ್ನೂ ಸಂಜೆ ತೆಗೆದ ಕ್ಲೋಸಪ್ಪನ್ನೂ ಜೋಡಿಸಿದಾಗ ಬತ್ತಿ ಒಮ್ಮೆ ಉದ್ದ, ಒಮ್ಮೆ ಮೋಟು. ಒಂದೇ ಅಳತೆಗೆ ಕತ್ತರಿಸಿದ ಹತ್ತಾರು ಬತ್ತಿ ಸಿದ್ಧವಿಟ್ಟು, ಅರ್ಧ ಅಂಗುಲ ಕರಗಿದೊಡನೆ ಬದಲಿಸಬೇಕು. ಲಾಟೀನಿನ ಗಾಜಿಗೆ ಹಿಡಿದ ಮಸಿ, ಎಲೆಅಡಿಕೆ ಜಗಿದ ತುಟಿಯ ಕೆಂಪು, ಮುಡಿದ ಮಲ್ಲಿಗೆ ಬಾಡಿದ ಪ್ರಮಾಣ, ಎಲ್ಲಕ್ಕೂ ಇದೇ ಪಾಡು.

ಕಂಟಿನ್ಯೂಟಿ ನೋಡಿಕೊಳ್ಳುವ ಕೆಲಸವನ್ನು ಕ್ಲಾಪ್ ಹೊಡೆಯುವ ಹುಡುಗನಿಗೇ ಅಂಟಿಸಿದರೆ ಆಗದು, ಬೇರೆ ಕೆಲಸವಿಲ್ಲದ ಒಬ್ಬರು ಮಾನಿಟರ್ ಪಕ್ಕ ಕೂರಬೇಕು. ಪ್ರತಿ ಟೇಕಿನ ಮೊದಲೂ ಕೊನೆಗೂ ಮುಂದಿನಿಂದ, ಎರಡು ಪಕ್ಕದಿಂದ, ಹಿಂದಿನಿಂದ ಫೋಟೊ. ಅವರು ಬರೆದಿಡುವ ಹಾಳೆಯಲ್ಲಿ ದೃಶ್ಯದ ಸಂಖ್ಯೆಯ ಜೊತೆಗೆ ಅದು ಕಥೆಯ ಎಷ್ಟನೇ ದಿನ, ಎಷ್ಟು ಹೊತ್ತಿನಲ್ಲಿ ನಡೆಯುತ್ತದೆ ಎಂಬುದೂ ಇರಬೇಕು. ಯಾವ ಮಾತಿಗೆ ಯಾವ ಕೈಯಿಂದ ಲೋಟ ಎತ್ತಿದರು ಎಂಬುದನ್ನು ಓಕೆ ಆದ ಟೇಕಿಗೆ ಮಾತ್ರ ಬರೆದರೆ ಸಾಲದು. ಸಂಕಲನಕಾರರು ಕೊನೆಗೆ ಎರಡನೇ ಟೇಕನ್ನು ಆರಿಸಬಹುದು.

ಆ ಹಾಳೆ ಎಡಿಟಿಂಗ್ ಕೋಣೆಗೂ ಹೋಗಬೇಕು. ಇಬ್ಬರ ನೋಟ ಎದುರುಬದುರಾಗದಿದ್ದಾಗ ಶಾಟನ್ನೇ ಎಡಬಲ ತಿರುಗಿಸಿಬಿಡುವ ಚಾಳಿ ಅಲ್ಲಿದೆ. ತಿರುಗಿಸಿದ ಕೂಡಲೇ ಸೆರಗು ಬಲ ಭುಜಕ್ಕೆ ಹಾರುತ್ತದೆ, ಅಂಗಡಿಯ ಬೋರ್ಡು ಕನ್ನಡಿ ಬರಹವಾಗುತ್ತದೆ. ಇನ್ನು ಧಾರೆ ಎರೆಸುತ್ತಿರುವ ಪುರೋಹಿತರ ಜನಿವಾರ ಬಲ ಭುಜದ ಮೇಲೆ ಬಂದು, ಮದುವೆ ಮನೆಯಲ್ಲಿ ಪಿತೃಕಾರ್ಯಕ್ಕೆ ಕೂತವರಂತೆ ಕಾಣುತ್ತಾರೆ.

– ಕಲಾ ವಿಭಾಗದ ಒಬ್ಬ ಓದುಗ