ಪೆನ್ಸಿಲಿನಲ್ಲಿ ಬರೆದ ಹೆಸರು: ಅರಣ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ,

ನಮಸ್ಕಾರಗಳು. ನಾನು ಪಶ್ಚಿಮ ಘಟ್ಟದ ತಪ್ಪಲಿನ ಒಂದು ಊರಿನವನು. ಚಾರಣಿಗರನ್ನು ಬೆಟ್ಟ ಹತ್ತಿಸಿ ಸುರಕ್ಷಿತವಾಗಿ ಇಳಿಸಿಕೊಂಡು ಬರುವ ಕೆಲಸವನ್ನು 14 ವರ್ಷಗಳಿಂದ ಮಾಡುತ್ತಿದ್ದೇನೆ. ನಮ್ಮ ಕಡೆಯ ಅರಣ್ಯ ಕಚೇರಿಯಲ್ಲಿ ಗೈಡ್‌ಗಳ ಹೆಸರು ಬರೆದಿಡುವ ಒಂದು ಪುಸ್ತಕವಿದೆ. ಅದರಲ್ಲಿ ನನ್ನ ಹೆಸರು ಪೆನ್ಸಿಲಿನಲ್ಲಿದೆ. ಅಧಿಕಾರಿ ವರ್ಗವಾದಾಗಲೆಲ್ಲ ಹೊಸಬರು ಆ ಪುಟ ತೆರೆದು ಕೆಲವು ಹೆಸರು ಅಳಿಸುತ್ತಾರೆ, ಕೆಲವು ಸೇರಿಸುತ್ತಾರೆ. ನನ್ನ ಹೆಸರನ್ನು ಎರಡು ಸಲ ಅಳಿಸಿ ಮತ್ತೆ ಬರೆದಿದ್ದಾರೆ. ಅಳಿಸಿದ್ದು ಏಕೆ, ಬರೆದದ್ದು ಏಕೆ ಎಂದು ಎರಡೂ ಸಲ ಯಾರೂ ಹೇಳಲಿಲ್ಲ.

ಮೊದಲೇ ಒಂದು ಮಾತು ಒಪ್ಪಿಕೊಳ್ಳುತ್ತೇನೆ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದ ದೃಶ್ಯವನ್ನು ನಾಡೆಲ್ಲ ನೋಡಿತು. ಆಗ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿದ್ದು ಸರಿಯಾಗಿಯೇ ಇತ್ತು. ಶೋಲಾ ಕಾಡಿನ, ಅಂದರೆ ಎತ್ತರದ ಬೆಟ್ಟಗಳ ಕಣಿವೆಯಲ್ಲಿ ಬೆಳೆಯುವ ಗಿಡ್ಡ ಮರಗಳ ಕಾಡಿನ, ನೆತ್ತಿಯ ಹುಲ್ಲುಗಾವಲು ಒಂದು ವಾರಾಂತ್ಯದ ತುಳಿತಕ್ಕೆ ಹೇಗೆ ಕೆಸರಾಗುತ್ತದೆ ಎಂಬುದನ್ನು ನಾವು ನಿಮಗಿಂತ ಹತ್ತಿರದಿಂದ ನೋಡಿದ್ದೇವೆ. ಜನರ ಸಂಖ್ಯೆಗೆ ಮಿತಿ ಬೇಕು. ಅದನ್ನು ವಿರೋಧಿಸಲು ಈ ಪತ್ರ ಬರೆಯುತ್ತಿಲ್ಲ; ಸ್ಥಳೀಯ ಗೈಡ್‌ಗಳಿಗೆ ಪರವಾನಗಿ ಕೊಡಿ ಎಂದು ಕೇಳಲು ಬರೆಯುತ್ತಿದ್ದೇನೆ.

ನನ್ನ ತಕರಾರು ಬೇರೆ. ಈಗಿನ ವ್ಯವಸ್ಥೆ ಚಾರಣಿಗನನ್ನು ಎಣಿಸುತ್ತದೆ, ಅವನ ಗುರುತಿನ ಚೀಟಿ ನೋಡುತ್ತದೆ, ಅವನಿಂದ ಶುಲ್ಕ ಪಡೆಯುತ್ತದೆ. ಅವನ ಮುಂದೆ ನಡೆಯುವವನಿಗೆ ಮಾತ್ರ ಯಾವ ಸ್ಥಾನವೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಅಭಯಾರಣ್ಯದೊಳಗೆ ಪ್ರವೇಶಕ್ಕೆ ಅನುಮತಿ ಕೊಡಬಹುದಾದ ಕಾರಣಗಳಲ್ಲಿ ಪ್ರವಾಸೋದ್ಯಮವನ್ನೂ ಹೆಸರಿಸಿದೆ. ಪ್ರವಾಸಿಗೆ ಕಾನೂನಿನಲ್ಲಿ ಬಾಗಿಲು ಇದೆ. ಪ್ರವಾಸಿಯ ಜೀವದ ಹೊಣೆ ಹೊತ್ತವನು ಒಬ್ಬ ಅಧಿಕಾರಿಯ ಒಳ್ಳೆಯ ಮನಸ್ಸನ್ನು ನಂಬಿಕೊಂಡು ಒಳಗೆ ಹೋಗಬೇಕಾಗಿದೆ.

ಆ ಹೊಣೆ ಎಂಥದ್ದು ಎಂದು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಆಗಸ್ಟ್‌ನಲ್ಲಿ 11 ಮಂದಿಯನ್ನು ಇಳಿಸಿಕೊಂಡು ಬರುತ್ತಿದ್ದೆ. ನಾವಿದ್ದ ಕಡೆ ಮಳೆ ಬಿಟ್ಟಿತ್ತು, ಬಿಸಿಲೂ ಇಣುಕಿತ್ತು. ದಾಟಬೇಕಾದ ಹಳ್ಳದಲ್ಲಿ ಮೊಣಕಾಲವರೆಗೆ ನೀರು. ಎಲ್ಲರೂ ಬೂಟು ಬಿಚ್ಚಿ, ಕಾಲಿಗೆ ಹತ್ತಿದ ಇಂಬಳಗಳಿಗೆ ಉಪ್ಪು ಸವರುತ್ತ ಕುಳಿತಿದ್ದರು. ಅಷ್ಟರಲ್ಲಿ ಹಸಿ ಎಲೆಗಳು ಗುಂಪುಗುಂಪಾಗಿ ತೇಲಿ ಬಂದವು. ಅವುಗಳ ಹಿಂದೆಯೇ ತಿಳಿನೀರಿನಲ್ಲಿ ಕೆಮ್ಮಣ್ಣಿನ ಒಂದು ಎಳೆ ಕಾಣಿಸಿತು. ಮೇಲೆಲ್ಲೋ ಮಳೆ ಒಡೆದಿದೆ ಎಂದು ತಿಳಿಯಿತು. ಯಾರೂ ನೀರಿಗೆ ಇಳಿಯಬಾರದೆಂದು ಗದರಿ, ಎಲ್ಲರನ್ನೂ ದಿಬ್ಬದ ಮೇಲೆ ಕೂರಿಸಿದೆ. ಒಬ್ಬರು ಕೋಪಗೊಂಡು ಬಸ್ಸು ತಪ್ಪುತ್ತದೆ ಎಂದು ಕೂಗಾಡಿದರು. ಅರ್ಧ ಗಂಟೆಯೊಳಗೆ ಆ ಹಳ್ಳದಲ್ಲಿ ಮರದ ದಿಮ್ಮಿ ಉರುಳಿಕೊಂಡು ಹೋಗುವಷ್ಟು ನೀರಿತ್ತು. ಕೂಗಾಡಿದವರು ಆಮೇಲೆ ತುಂಬ ಹೊತ್ತು ಮಾತನಾಡಲಿಲ್ಲ.

ಈ ತಿಳಿವಳಿಕೆ ಮೊಬೈಲಿಗೆ ಬರುವ ಟಿಕೆಟ್‌ನಲ್ಲಿ ಇರುವುದಿಲ್ಲ. ನಗರದಿಂದ ಟೆಂಪೋ ಟ್ರಾವೆಲರ್‌ಗಳಲ್ಲಿ 40 ಜನರನ್ನು ತುಂಬಿಕೊಂಡು, ಆ ದಾರಿಯನ್ನು ಅದೇ ದಿನ ಮೊದಲ ಸಲ ನೋಡುವ 'ಟ್ರೆಕ್ ಲೀಡರ್'ಗೂ ಇರುವುದಿಲ್ಲ. ಈಗಿನ ಪದ್ಧತಿಯಲ್ಲಿ ಅವನಿಗೂ ನನಗೂ ಕಾಗದದ ಮೇಲೆ ವ್ಯತ್ಯಾಸವೇ ಇಲ್ಲ. ಬುಕಿಂಗ್ ತೆರೆದ ಕ್ಷಣದಲ್ಲಿ ಒಟ್ಟಿಗೆ ಟಿಕೆಟ್ ಹಿಡಿಯುವ ಶಕ್ತಿ ಅವನಿಗಿದೆ. ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕುವ ನಮ್ಮೂರಿನ ಹುಡುಗರಿಗೆ ಅದಿಲ್ಲ.

ಇನ್ನು ಮುಚ್ಚುವ ಆದೇಶಗಳು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದನ್ನು ನಾವು ಮನಸಾರೆ ಒಪ್ಪುತ್ತೇವೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಬೆಂಕಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಒಣಹುಲ್ಲಿನ ಬೆಟ್ಟದಲ್ಲಿ ಬೆಂಕಿ ಎಷ್ಟು ಬೇಗ ಏರುತ್ತದೆ ಎಂದು ಕಂಡವರು ಅದನ್ನು ಮರೆಯಲಾರರು. ಆದರೆ ಪ್ರತಿ ವರ್ಷ ಬರುವ ಬೇಸಿಗೆಗೂ ದಿನಾಂಕ ಮೊದಲೇ ಗೊತ್ತಾಗುವುದಿಲ್ಲ ಎಂದರೆ ಹೇಗೆ? ಮಳೆಗಾಲದ ಮುಚ್ಚುಗಡೆ ಇನ್ನೂ ಕಷ್ಟ. ಒಂದು ಶನಿವಾರ ಬೆಳಗಿನ ಐದು ಗಂಟೆಗೆ ನಾನು ಅಕ್ಕಿ, ತರಕಾರಿ ತಂದಿಟ್ಟು, ಜೀಪಿಗೆ ಮುಂಗಡ ಕೊಟ್ಟು, ರಾತ್ರಿ ಬಸ್ಸಿನಲ್ಲಿ ಬಂದಿಳಿದ 12 ಮಂದಿಯೊಂದಿಗೆ ತನಿಖಾ ಠಾಣೆಯ ಮುಂದೆ ನಿಂತಿದ್ದೆ. ಹಿಂದಿನ ರಾತ್ರಿ ಆದೇಶವಾಗಿತ್ತಂತೆ. ಕಾವಲಿಗಿದ್ದ ಗಾರ್ಡ್ ತಮ್ಮ ಮೊಬೈಲಿನಲ್ಲಿ ಅದರ ಫೋಟೋ ತೋರಿಸಿದರು. ಪಾಪ, ಅವರ ತಪ್ಪೇನೂ ಇರಲಿಲ್ಲ. ಬಂದವರ ಹಣ ಹಿಂತಿರುಗಿಸಿದೆ. ಜೀಪಿನವನಿಗೂ ಸಂಸಾರವಿದೆ, ಮುಂಗಡ ವಾಪಸ್ ಕೇಳಲಿಲ್ಲ.

ಜಮೀನಿನ ಗೊಂದಲ ಇದಕ್ಕಿಂತ ಹಳೆಯದು. ನಾನು ನಡೆಸುವ ಒಂದು ದಾರಿ ಊರಿನ ಗೋಮಾಳದಲ್ಲಿ ಶುರುವಾಗುತ್ತದೆ. ಅದು ಕಂದಾಯ ಇಲಾಖೆಯದು. ಹಳ್ಳ ದಾಟಿದರೆ ಮೀಸಲು ಅರಣ್ಯ, ಅದು ಅರಣ್ಯ ಇಲಾಖೆಯ ಪ್ರಾದೇಶಿಕ ವಿಭಾಗದ್ದು. ನೆತ್ತಿಯ ಹುಲ್ಲುಗಾವಲು ಅದೇ ಇಲಾಖೆಯ ವನ್ಯಜೀವಿ ವಿಭಾಗಕ್ಕೆ ಸೇರಿದೆ. ಒಂದೇ ದಿನದ ನಡಿಗೆಗೆ ಮೂರು ಕಚೇರಿ. ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ಒಪ್ಪಬೇಕೆಂದಿಲ್ಲ. ಗಡಿಕಲ್ಲು ಎಲ್ಲಿದೆ ಎಂದು ಕೇಳಿದರೆ ಮೂರು ಉತ್ತರ ಸಿಗುತ್ತವೆ. ಅಪಘಾತವಾದರೆ ಮಾತ್ರ ಮೂವರೂ ಮೊದಲು ಕರೆಯುವುದು ಗೈಡ್‌ನನ್ನೇ. ನಾವು ಹೋಗುತ್ತೇವೆ, ಕಂಬಳಿಗೆ ಎರಡು ಕೋಲು ಕಟ್ಟಿ ಹೊತ್ತುಕೊಂಡು ಬರುತ್ತೇವೆ. ಹೊರುವಾಗ ನಮ್ಮವರೇ ಜಾರಿ ಕಾಲು ಮುರಿದುಕೊಂಡರೆ ವಿಮೆ ಇಲ್ಲ.

ಬೇರೆ ಕಡೆ ಇದಕ್ಕೆ ದಾರಿ ಹುಡುಕಿದ್ದಾರೆ. ನೆರೆಯ ತಮಿಳುನಾಡು 2024ರ ಅಕ್ಟೋಬರ್‌ನಲ್ಲಿ 40 ಚಾರಣ ಮಾರ್ಗಗಳ ಯೋಜನೆ ಆರಂಭಿಸಿದಾಗ ಕಾಡಂಚಿನ ಊರುಗಳ ಯುವಕರಿಗೇ ತರಬೇತಿ ಕೊಟ್ಟು ಗೈಡ್‌ಗಳನ್ನಾಗಿ ಮಾಡಿತು. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಕೆಲಸ ಚೆನ್ನಾಗಿ ಮಾಡಿದ ಮಾರ್ಗದರ್ಶಕರಿಗೆ 10 ವರ್ಷಗಳವರೆಗಿನ ಪರವಾನಗಿ ಸಿಗುತ್ತದೆ. ಅಲ್ಲಿಯೂ ಅರ್ಜಿಗಳು ಕಚೇರಿಗಳಲ್ಲಿ ಕೊಳೆಯುತ್ತಿದ್ದವು ಎಂಬ ದೂರಿತ್ತು. 2025ರ ಜನವರಿಯಲ್ಲಿ ಆ ಪರವಾನಗಿಗಳನ್ನು ಸರಳಗೊಳಿಸುವ ಕಾನೂನು ಬಂತು. ನಮಗೆ ಹತ್ತು ವರ್ಷ ಬೇಡ, ಐದು ವರ್ಷ ಸಾಕು. ಪರೀಕ್ಷೆ ಮಾಡಿಯೇ ಕೊಡಿ: ದಾರಿ ಗೊತ್ತಿದೆಯೇ, ಪ್ರಥಮ ಚಿಕಿತ್ಸೆ ಬರುತ್ತದೆಯೇ, ಬೆಂಕಿ ಕಂಡರೆ ಏನು ಮಾಡಬೇಕೆಂದು ತಿಳಿದಿದೆಯೇ ಎಂದು ನೋಡಿ. ತಪ್ಪು ಮಾಡಿದವನ ಪರವಾನಗಿ ಕಿತ್ತುಕೊಳ್ಳಿ, ಆದರೆ ಕಾರಣ ಬರೆದುಕೊಡಿ, ಅವನ ಮಾತನ್ನೂ ಒಮ್ಮೆ ಕೇಳಿ.

ದಿನದ ಮಿತಿಯಲ್ಲಿ ಒಂದು ಪಾಲು ಸ್ಥಳೀಯ ಗೈಡ್‌ಗಳ ಮೂಲಕ ಬರುವವರಿಗೆ ಮೀಸಲಿರಲಿ. ಮೂರು ಕಚೇರಿಗಳ ಒಪ್ಪಿಗೆ ಒಂದೇ ಪತ್ರದಲ್ಲಿ ಸಿಗಲಿ. ಬೇಸಿಗೆಯ ಮುಚ್ಚುಗಡೆಯ ದಿನಾಂಕ ಜನವರಿಯಲ್ಲೇ ಪ್ರಕಟವಾಗಲಿ, ಆ ತಿಂಗಳುಗಳಲ್ಲಿ ಬೆಂಕಿ ಕಾವಲಿನ ದಿನಗೂಲಿ ಕೆಲಸಕ್ಕೆ ನಮ್ಮನ್ನೇ ಮೊದಲು ಕರೆಯಲಿ. ಯಾವ ಗುಡ್ಡದಲ್ಲಿ ಹೊಗೆ ಎದ್ದರೆ ಯಾವ ಕಡೆಯಿಂದ ಹತ್ತಬೇಕೆಂದು ನಮಗೆ ಗೊತ್ತು. ಹಾಗೆಯೇ, ಪ್ರವೇಶ ಶುಲ್ಕದಿಂದ ಎಷ್ಟು ಬಂತು, ಅದರಲ್ಲಿ ದಾರಿಯ ರಿಪೇರಿಗೆ ಎಷ್ಟು ಹೋಯಿತು ಎಂಬ ಲೆಕ್ಕವನ್ನು ನಮ್ಮ ಗ್ರಾಮ ಅರಣ್ಯ ಸಮಿತಿಯ ಗೋಡೆಗೆ ಅಂಟಿಸಲಿ.

ನಮ್ಮೂರಿನಲ್ಲಿ ಈಗ ಗೈಡ್ ಕೆಲಸ ಮಾಡುವವರು ಒಂಬತ್ತು ಮಂದಿ. ಕಳೆದ ವರ್ಷ 13 ಮಂದಿ ಇದ್ದೆವು. ನಾಲ್ವರು ನಗರದಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದರು. ಅವರಲ್ಲಿ ಒಬ್ಬ ಹಕ್ಕಿಯ ಕೂಗು ಕೇಳಿಯೇ ಹೆಸರು ಹೇಳುತ್ತಿದ್ದ. ಮುಂಗಾರು ಹಿಡಿಯುವ ಮುನ್ನ ಪರವಾನಗಿಯ ಆದೇಶ ಹೊರಬಿದ್ದರೆ ವಾಪಸ್ ಬರುತ್ತೇನೆ ಎಂದು ಮೊನ್ನೆ ಫೋನ್ ಮಾಡಿ ಹೇಳಿದ್ದಾನೆ. ಅವನಿಗೆ ಏನು ಉತ್ತರ ಕೊಡಲಿ ಎಂದು ತಾವೇ ತಿಳಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಚಾರಣ ಮಾರ್ಗದರ್ಶಿ