ಲಂಡನ್ನಿನಲ್ಲಿ ಯಾರ ಕೂಗು ಕೇಳುತ್ತದೆ?

ಮಾನ್ಯ ಸಂಪಾದಕರೇ,

ಬ್ರಿಟನ್ನಿನಲ್ಲಿ ಸರ್ಕಾರದ ಮೇಲೆ ಒತ್ತಡ ಹೇರುವ ಗುಂಪುಗಳ ಬಲ ಬರೀ ಜನಸಂಖ್ಯೆಯಿಂದ ಬರುವುದಿಲ್ಲ. ಇರಾಕ್ ಯುದ್ಧ ಬೇಡವೆಂದು 2003ರ ಫೆಬ್ರುವರಿ 15ರಂದು ಲಂಡನ್ನಿನಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ಆಗಿನ ಪ್ರಧಾನಿ ಟೋನಿ ಬ್ಲೇರ್ ಕೇಳಲಿಲ್ಲ.

ಬ್ರಿಟಿಷ್ ಸೇನೆಯಲ್ಲಿದ್ದ ನೇಪಾಳದ ನಿವೃತ್ತ ಗೂರ್ಖಾ ಸೈನಿಕರ ಕತೆ ಬೇರೆ. ಬ್ರಿಟನ್ನಿಗಾಗಿ ಹೋರಾಡಿದವರಿಗೆ ಅಲ್ಲಿ ನೆಲೆಸಲು ಸುಮ್ನೆ ನೂರೆಂಟು ಷರತ್ತು ಇತ್ತು. ಅವರ ಜೊತೆ ನಟಿ ಜೊವಾನಾ ಲಮ್ಲಿ ನಿಂತರು. (ಅವರ ತಂದೆ ಗೂರ್ಖಾ ಪಡೆಯ ಅಧಿಕಾರಿ, ಆಕೆ ಹುಟ್ಟಿದ್ದು ನಮ್ಮ ಶ್ರೀನಗರದಲ್ಲಿ!) 2009ರ ಏಪ್ರಿಲ್ 29ರಂದು ಸಂಸತ್ತಿನಲ್ಲಿ ಗಾರ್ಡನ್ ಬ್ರೌನ್ ಸರ್ಕಾರ ಈ ವಿಷಯದಲ್ಲಿ 246–267 ಮತಗಳಿಂದ ಸೋತಿತು. ಮೇ 21ಕ್ಕೆ ಪಟ್ಟು ಸಡಿಲಿಸಿತು. ನಾಲ್ಕು ವರ್ಷ ಸೇವೆ ಮಾಡಿದವರಿಗೆಲ್ಲ ನೆಲೆಸುವ ಹಕ್ಕು ಸಿಕ್ಕಿತು.

ನ್ಯಾಯ ಸಿಕ್ಕಿದ್ದು ಖುಷಿಯೇ. ಆದರೆ ಹೆಸರಾಂತ ನಟಿ ಬೆನ್ನಿಗಿಲ್ಲದ ಗುಂಪುಗಳ ಪಾಡೇನು ಅಲ್ವಾ?

– ಒಬ್ಬ ಓದುಗ, ಮೈಸೂರು